ಮುಖ ನೋಡಿ ಮಣೆ ಹಾಕುವ ಯಂತ್ರ

“ತಪ್ಪು ಮಾಡದವನಿಗೆ ಭಯ ಯಾತಕ್ಕೆ, ಮೇಷ್ಟ್ರೇ?”

ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ಹೊತ್ತು ನನ್ನೊಡನೆ ನಾಲ್ಕು ಸುತ್ತು ಹಾಕುವ ನಿವೃತ್ತ ಅಧಿಕಾರಿಗಳೊಬ್ಬರು ಹೀಗೆ ಕೇಳಿ, ಉತ್ತರಕ್ಕೆ ಕಾಯದೆ, ವಾದದಲ್ಲಿ ಗೆದ್ದವರ ಠೀವಿಯಿಂದ ಕೈಕೋಲು ಬೀಸುತ್ತ ಮುಂದೆ ನಡೆದುಬಿಟ್ಟರು. ಬೀದಿಯ ತುದಿಯ ಕಂಬಕ್ಕೆ ಹೊಸದಾಗಿ ಏರಿಸಿದ್ದ ಕ್ಯಾಮರಾದ ಮಾತು ಬಂದಿತ್ತು. ನಾನು ಏನೋ ಗೊಣಗಿದ್ದೆ. ಅದಕ್ಕೆ ಈ ಮಾತು. ಅವರದೇನೂ ಕೆಟ್ಟ ಮನಸ್ಸಲ್ಲ. ಪರರ ಹಣಕ್ಕೆ ಕೈಚಾಚದೆ ಮೂವತ್ತು ವರ್ಷ ನೌಕರಿ ಮಾಡಿದವರು. ಆದರೆ ಇದೇ ಪ್ರಶ್ನೆಯನ್ನು ನಾನು ಬಸ್ಸಿನಲ್ಲಿ ಕೇಳಿದ್ದೇನೆ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ. ಎಲ್ಲ ಕಡೆಯೂ ಅದನ್ನು ಪ್ರಶ್ನೆಯೆಂದು ಯಾರೂ ಕೇಳುವುದಿಲ್ಲ. ತೀರ್ಪು ಎಂದು ಹೇಳುತ್ತಾರೆ. ಸುಮ್ಮನಿದ್ದರೆ ಒಪ್ಪಿದಂತಾಗುತ್ತದೆಂಬ ಸಂಕಟದಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ಯಂತ್ರಶಾಸ್ತ್ರ ಬಲ್ಲವನಲ್ಲ, ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಆದರೆ ಮುಖ ನನಗೂ ಒಂದು ಇದೆಯಷ್ಟೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕ್ಯಾಮರಾ ಬೇರೆ, ಮುಖ ಗುರುತು ಹಿಡಿಯುವ ಯಂತ್ರ ಬೇರೆ. ಅಂಗಡಿಯ ಮೂಲೆಯಲ್ಲಿ ತೂಗುಹಾಕಿರುವ ಸಾಧಾರಣ ಕ್ಯಾಮರಾ ನಡೆದುದನ್ನು ಚಿತ್ರವಾಗಿ ಇಟ್ಟುಕೊಳ್ಳುತ್ತದೆ. ಕಳವಾದರೆ ಆ ಹೊತ್ತಿನ ಚಿತ್ರವನ್ನು ತೆಗೆದು ನೋಡುತ್ತಾರೆ. ಏನೂ ಆಗದಿದ್ದರೆ ಕೆಲವು ದಿನಗಳಲ್ಲಿ ಅದರ ಮೇಲೆ ಇನ್ನೊಂದು ಚಿತ್ರ ಬಂದು ಕೂರುತ್ತದೆ. ಒಂದೇ ಹೊತ್ತಿಗೆ 100 ಮಂದಿ ಅಥವಾ ದಿನಕ್ಕೆ 500 ಮಂದಿ ಸೇರುವ ಸ್ಥಳಗಳಲ್ಲಿ ಇಂಥ ಕ್ಯಾಮರಾ ಇಡಬೇಕು, ಚಿತ್ರಗಳನ್ನು 30 ದಿನ ಕಾಪಾಡಬೇಕು ಎಂದು ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತೆಯ ಕಾಯಿದೆ ಹೇಳುತ್ತದೆ. ಅದರ ಮೇಲೆ ನನಗೆ ಜಗಳವಿಲ್ಲ. ನನ್ನ ಜಗಳ ಕ್ಯಾಮರಾದ ಹಿಂದೆ ಈಚೆಗೆ ಬಂದು ಕುಳಿತಿರುವ ಎರಡನೆಯ ಯಂತ್ರದ ಮೇಲೆ. ಅದು ಕಣ್ಣಿಗೆ ಬಿದ್ದ ಪ್ರತಿಯೊಂದು ಚಹರೆಯನ್ನೂ ನೂರಾರು ಅಂಕಿಗಳ ಸಾಲಾಗಿ ಮಾಡಿ, ತನ್ನ ಬಳಿ ಇರುವ ಸಾಲುಗಳೊಡನೆ ತಾಳೆ ನೋಡಿ, “ಇವನು ಇಂಥವನಿರಬಹುದು” ಎಂದು ಹೇಳುತ್ತದೆ. ಹಿಂದೆ ಪೋಲೀಸಿನವನು ದಾರಿಹೋಕನನ್ನು ನಿಲ್ಲಿಸಿ “ಯಾರಯ್ಯ ನೀನು?” ಎಂದು ಕೇಳಬೇಕಾದರೆ ಏನಾದರೊಂದು ಅನುಮಾನ ಬೇಕಾಗಿತ್ತು. ಕೇಳಿದ್ದು ಕೇಳಿಸಿಕೊಂಡವನಿಗೆ ತಿಳಿಯುತ್ತಲೂ ಇತ್ತು. ಈ ಯಂತ್ರ ಬೀದಿಯಲ್ಲಿ ಹೋಗುವ ಹೆಂಗಸು, ಮಗು, ಮುದುಕ ಎಲ್ಲರನ್ನೂ ದಿನವಿಡೀ “ಯಾರು ನೀನು?” ಎಂದು ಕೇಳುತ್ತಿರುತ್ತದೆ, ಕೇಳಿದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಉತ್ತರವನ್ನೂ ಅದೇ ಕೊಟ್ಟುಕೊಳ್ಳುತ್ತದೆ.

ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಹಣದಿಂದ ‘ಸೇಫ್ ಸಿಟಿ’ ಎಂಬ ಯೋಜನೆ ನಡೆದು, ಸುಮಾರು 7,500 ಕ್ಯಾಮರಾಗಳು ಏರಿ, 2023ರಲ್ಲಿ ಅವಕ್ಕೆಲ್ಲ ಒಂದು ಕೇಂದ್ರ ಕೊಠಡಿಯೂ ಆಯಿತು. ಮುಖ ಗುರುತು ಹಿಡಿಯುವುದೂ ಆ ಯೋಜನೆಯ ಒಂದು ಅಂಗ.

“ಖಾಸಗಿತನ ಎಂಬುದೇ ನಮ್ಮದಲ್ಲ, ಪರದೇಶದ ಸರಕು, ಕನ್ನಡದಲ್ಲಿ ಅದಕ್ಕೊಂದು ಮಾತೂ ಇಲ್ಲ” ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುವುದುಂಟು. ‘ಖಾಸಗಿ’ ಪರಭಾಷೆಯಿಂದ ಬಂದ ಮಾತು, ನಿಜ. ‘ಅಂಗಡಿ’ಯನ್ನು ಬಿಟ್ಟರೆ ನಾವು ವ್ಯಾಪಾರಕ್ಕೆ ಬಳಸುವ ಮಾತುಗಳಲ್ಲಿ ಎಷ್ಟೋ ಪರಭಾಷೆಯವೇ, ಹಾಗೆಂದು ಕನ್ನಡಿಗರು ವ್ಯಾಪಾರವನ್ನೇ ಅರಿಯದವರಾಗಿದ್ದರೆಂದು ಯಾರೂ ಹೇಳಲಾರರು. ‘ಮರೆ’ ಎಂಬ ಮಾತು ಅಚ್ಚಗನ್ನಡದ್ದಲ್ಲವೆ? ಇರಲಿ, ಮಾತಿನ ಚರ್ಚೆ ಬಿಡೋಣ. ಅಜ್ಞಾತವಾಸದ ಕಥೆ ಯಾರಿಗೆ ಗೊತ್ತಿಲ್ಲ? ಈ ವರ್ಷ ನಾನು ಬಿ.ಎ. ತರಗತಿಗೆ ಕುಮಾರವ್ಯಾಸನ ವಿರಾಟಪರ್ವದ ಭಾಗವೊಂದನ್ನು ಪಾಠ ಹೇಳುತ್ತಿದ್ದೆ. ಪಾಂಡವರು ಹದಿಮೂರನೆಯ ವರ್ಷ ಅಡಗಿದ್ದು ಗುಹೆಯಲ್ಲಲ್ಲ, ಕಾಡಿನಲ್ಲಲ್ಲ. ಮತ್ಸ್ಯನಗರದ ನಟ್ಟನಡುವೆ, ಅರಸನ ಓಲಗದಲ್ಲಿ, ಅಡುಗೆಮನೆಯಲ್ಲಿ, ಲಾಯದಲ್ಲಿ. ಕಂಕ, ವಲಲ, ಬೃಹನ್ನಳೆ ಎಂಬ ಹೆಸರಿಟ್ಟುಕೊಂಡು ಜನರ ನಡುವೆಯೇ ಓಡಾಡಿಕೊಂಡಿದ್ದರು. ದುರ್ಯೋಧನನ ಚಾರರು ನಾಡೆಲ್ಲ ಅಲೆದು ಬರಿಗೈಯಲ್ಲಿ ಹಿಂದಿರುಗಿದರು. ಕೊನೆಗೆ ಅನುಮಾನಕ್ಕೆ ದಾರಿಯಾದದ್ದು ಕೀಚಕನ ಸಾವು. ಕೃತ್ಯದಿಂದ ಅನುಮಾನ ಹುಟ್ಟಿತು, ಮುಖದಿಂದ ಹುಟ್ಟಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಈಗಿನ ಕಾಲದಲ್ಲಿ ಆಗಿದ್ದರೆ ಪಾಂಡವರು ಊರ ಬಾಗಿಲು ದಾಟೋದರೊಳಗೇ ಸಿಕ್ಕಿಬೀಳುತ್ತಿದ್ದರು” ಎಂದ. ತರಗತಿ ನಕ್ಕಿತು. ಒಬ್ಬಳು ಮಾತ್ರ ನಗಲಿಲ್ಲ. ಆಕೆಯ ಮಾತು ಆಮೇಲೆ ಬರುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ನಮ್ಮ ಹಳ್ಳಿಗಳಲ್ಲಿ ಯಾರಿಗೆ ಯಾವ ಮರೆ ಇತ್ತು? ಹೊಸಬನೊಬ್ಬ ಊರೊಳಕ್ಕೆ ಕಾಲಿಟ್ಟರೆ ಅಶ್ವತ್ಥಕಟ್ಟೆಯ ಮೇಲೆ ಕುಳಿತವರು ಯಾರ ಪೈಕಿ, ಯಾವ ಜಾತಿ, ಯಾರ ಮನೆಗೆ ಎಂದು ವಿಚಾರಿಸದೆ ಬಿಡುತ್ತಿದ್ದರೆ? ನಾನೂ ಹಳ್ಳಿಯವನೇ, ಇದು ನಿಜವೆಂದು ಒಪ್ಪುತ್ತೇನೆ. ಆದರೆ ಈ ನಿಜ ಯಾರ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆಂಬುದನ್ನು ಯೋಚಿಸಬೇಕು. ಆ ಕಟ್ಟೆಯ ಕಣ್ಣು ತಪ್ಪಿಸಿಕೊಳ್ಳುವುದಕ್ಕಾಗಿಯೇ ಎಷ್ಟು ಸಾವಿರ ಮಂದಿ ಬಸ್ಸು ಹತ್ತಿ ನಗರಕ್ಕೆ ಬಂದರು! ಕಟ್ಟೆಯ ಮುಂದೆ ಚಪ್ಪಲಿ ಕಳಚಿ ನಡೆಯಬೇಕಾಗಿದ್ದವನು ಮೆಜೆಸ್ಟಿಕ್ಕಿನ ಜನಸಂದಣಿಯಲ್ಲಿ ಮೊದಲ ಸಲ ಯಾರಿಗೂ ಯಾರೂ ಅಲ್ಲದವನಾಗಿ ನಡೆದ. ಹೋಟೆಲಿಗೆ ಹೋಗಿ ಎಲ್ಲರ ನಡುವೆ ಕುಳಿತು ಕಾಫಿ ಕುಡಿದ. ಯಾವನೂ ಅವನ ಮುಖ ನೋಡಿ ಮಣೆ ಹಾಕಲಿಲ್ಲ. ಗಂಡನ ಮನೆಯಿಂದ ಹೊರಬಿದ್ದ ಹೆಣ್ಣು ಇಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಮಾಡಿ ಬದುಕಿದಳು. ಜಾತಿಬಿಟ್ಟು ಮದುವೆಯಾದವರು ಇಲ್ಲಿ ಬಾಡಿಗೆ ಮನೆ ಹುಡುಕಿದರು. (ಬಾಡಿಗೆ ಮನೆಯವರು ಜಾತಿ ಕೇಳುವುದುಂಟೆಂದು ನನಗೂ ಗೊತ್ತು, ಬೀದಿಯಂತೂ ಕೇಳುತ್ತಿರಲಿಲ್ಲ.) ನಗರ ನಮಗೆ ಕೊಟ್ಟ ಸೌಕರ್ಯಗಳಲ್ಲಿ ನೀರಿನ ನಲ್ಲಿಗಿಂತ, ವಿದ್ಯುದ್ದೀಪಕ್ಕಿಂತ ದೊಡ್ಡದು ಇದು. ಈಗ ಆ ಕಟ್ಟೆಯನ್ನೇ ಕಿತ್ತು ತಂದು ಪ್ರತಿ ಕಂಬದ ಮೇಲೂ ಕೂರಿಸುತ್ತಿದ್ದೇವೆ. ಹಳ್ಳಿಯ ಕಣ್ಣಿನಲ್ಲಿ ಒಂದು ಋಣಾನುಬಂಧವಾದರೂ ಇತ್ತು: ನಿನ್ನನ್ನು ನಾನು ಬಲ್ಲೆ, ನನ್ನನ್ನು ನೀನು ಬಲ್ಲೆ, ಇಂದು ನಿನ್ನನ್ನು ಆಡಿಕೊಂಡವನೇ ನಾಳೆ ನಿನ್ನ ಮನೆಯ ಸಾವಿಗೆ ಹೆಗಲು ಕೊಡುತ್ತಿದ್ದ, ನಾಲ್ಕು ವರ್ಷವಾದರೆ ಮರೆತೂಬಿಡುತ್ತಿದ್ದ. ಕಂಬದ ಮೇಲಿನ ಕಣ್ಣಿನ ಹಿಂದೆ ಯಾರಿದ್ದಾರೆಂಬುದು ನಮಗೆ ಕಾಣದು. ಮರೆಯುವ ಗುಣವೂ ಅದಕ್ಕಿಲ್ಲ.

ಅರಸರು ಗೂಢಚಾರರನ್ನು ಇಟ್ಟುಕೊಂಡದ್ದು ಹೊಸದೇ? ಅಲ್ಲ. ಗೂಢಚರ್ಯೆಯ ಶಾಸ್ತ್ರಗ್ರಂಥವೆನ್ನಬಹುದಾದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿ 1905ರಲ್ಲಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲೇ. ಅದನ್ನು 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಾಶಾಸ್ತ್ರಿಗಳು. ಸನ್ಯಾಸಿಯ ವೇಷ, ಗೃಹಸ್ಥನ ವೇಷ, ವರ್ತಕನ ವೇಷ, ಎಲ್ಲ ಬಗೆಯ ಚಾರರೂ ಅದರಲ್ಲಿದ್ದಾರೆ. ಕೌಟಿಲ್ಯನೇನೂ ಪ್ರಜೆಗಳ ಮೇಲೆ ದಯಾದಾಕ್ಷಿಣ್ಯದಿಂದ ಬರೆದವನಲ್ಲ. ಆದರೂ ಅವನು ಒಂದು ಕಟ್ಟು ಹಾಕಿದ್ದಾನೆ: ಬೇರೆ ಬೇರೆಯಾದ ಮೂವರು ಚಾರರ ಮಾತು ಒಂದೇ ಆದರೆ ಮಾತ್ರ ಅದನ್ನು ನಂಬತಕ್ಕದ್ದು. ಇನ್ನು ನಮ್ಮ ಕಾಲದ ಕಟ್ಟು ಏನೆಂದು ನೋಡಿ. ಯಂತ್ರವು 80 ಪಾಲು ಹೋಲಿಕೆ ಕಂಡರೆ ಅದನ್ನು ಗುರುತು ಸಿಕ್ಕಿದಂತೆಯೇ ಎಣಿಸುತ್ತೇವೆ ಎಂದು ದೆಹಲಿಯ ಪೋಲೀಸರು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ 2022ರಲ್ಲಿ ಉತ್ತರ ಕೊಟ್ಟರು. ಅದಕ್ಕಿಂತ ಕಡಿಮೆಯಾದರೂ ಕೈಬಿಡುವುದಿಲ್ಲವಂತೆ, ಬೇರೆ ಸಾಕ್ಷ್ಯ ಹುಡುಕುತ್ತಾರಂತೆ. ಇಪ್ಪತ್ತು ಪಾಲು ನಾನಲ್ಲದ ಮನುಷ್ಯನಿಗಾಗಿ ನಾನು ಠಾಣೆಯ ಬೆಂಚಿನ ಮೇಲೆ ಕೂರಬೇಕು.

ದೆಹಲಿಯ ಮಾತು ಬಂದಿತಲ್ಲ, ಅದರ ಕಥೆಯನ್ನು ಪೂರ್ತಿ ಹೇಳಿಬಿಡುತ್ತೇನೆ. ಇಂಥ ಯಂತ್ರಗಳು ಒಂದು ಹೆಸರಿನಲ್ಲಿ ಒಳಕ್ಕೆ ಬಂದು ಇನ್ನೊಂದು ಕೆಲಸಕ್ಕೆ ಹೇಗೆ ನಿಲ್ಲುತ್ತವೆಂಬುದು ಅದರಿಂದ ತಿಳಿಯುತ್ತದೆ. ಅಲ್ಲಿ ಅದನ್ನು 2018ರಲ್ಲಿ ತಂದದ್ದು ಕಳೆದುಹೋದ ಮಕ್ಕಳನ್ನು ಹುಡುಕುವುದಕ್ಕೆ. ಉಚ್ಚ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಮೊಕದ್ದಮೆಯೊಂದರ ಫಲವಾಗಿ. ಎಂಥ ಕಟುಕನಿಗಾದರೂ ಇದು ಬೇಡವೆನ್ನಲು ಬಾಯಿ ಬಂದೀತೆ? ಆದರೆ ಯಂತ್ರ ಸರಿಯಾಗಿ ಗುರುತಿಸುವುದು ನೂರಕ್ಕೆ ಎರಡು ಎಂದು ಪೋಲೀಸರೇ ನ್ಯಾಯಾಲಯಕ್ಕೆ ಹೇಳಿದರು. ಮರುವರ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆಯವರು, ಅದು ನೂರಕ್ಕೆ ಒಂದಕ್ಕಿಂತಲೂ ಕೆಳಗಿದೆ, ಗಂಡುಮಗು ಹೆಣ್ಣುಮಗು ಎಂಬ ಭೇದವನ್ನೂ ಅದು ಅರಿಯದು ಎಂದರು. ಅಂಗಡಿಯಿಂದ ತಂದ ಮಿಕ್ಸರು ಇಷ್ಟು ಕೆಟ್ಟದಾಗಿದ್ದರೆ ನಮ್ಮ ಮನೆಯವರು ಅದೇ ಸಂಜೆ ಹಿಂದಕ್ಕೆ ಕೊಟ್ಟು ಬರುತ್ತಿದ್ದರು. ಯಂತ್ರ ಹಿಂದಕ್ಕೆ ಹೋಗಲಿಲ್ಲ. 2019ರ ಡಿಸೆಂಬರಿನಲ್ಲಿ ಅದೇ ಯಂತ್ರವನ್ನು ರಾಜಕೀಯ ಸಭೆಯೊಂದಕ್ಕೆ ಬಂದ ಜನರ ಮುಖಗಳನ್ನು, ಪ್ರತಿಭಟನೆಗಳಲ್ಲಿ ತೆಗೆದ ಚಿತ್ರಗಳೊಡನೆ ತಾಳೆ ನೋಡುವುದಕ್ಕೆ ಬಳಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಮುಂದೆ 2020ರ ಮಾರ್ಚಿಯಲ್ಲಿ, ದೆಹಲಿಯ ಗಲಭೆಯಲ್ಲಿ ಮುಖ ಗುರುತಿನ ಮೂಲಕ 1,100ಕ್ಕೂ ಹೆಚ್ಚು ಮಂದಿಯನ್ನು ಪತ್ತೆ ಮಾಡಿದೆವೆಂದು ಗೃಹಮಂತ್ರಿಗಳು ಲೋಕಸಭೆಯಲ್ಲಿ ಹೇಳಿದರು. ಅವರಲ್ಲಿ ತಪ್ಪಿತಸ್ಥರು ಇದ್ದರು, ಇರಲಿಲ್ಲ ಎಂಬುದು ನನ್ನ ವಾದವಲ್ಲ. ಮಗುವನ್ನು ಹುಡುಕಲೆಂದು ಮನೆಗೆ ಬಂದ ಯಂತ್ರವು ಎರಡೇ ವರ್ಷದಲ್ಲಿ ಮೈದಾನದಲ್ಲಿ ನಿಂತ ನಾಗರಿಕನ ಮುಖ ಎಣಿಸತೊಡಗಿತು. ನಡುವೆ ಯಾವ ಶಾಸನಸಭೆಯೂ ಇದಕ್ಕೆಂದು ಒಂದು ಕಾಯಿದೆ ಮಾಡಲಿಲ್ಲ.

ಯಂತ್ರ ಕ್ರಮೇಣ ಸುಧಾರಿಸುತ್ತದೆ ಎನ್ನುತ್ತಾರೆ. ಸುಧಾರಿಸಿರಲೂಬಹುದು. ಆದರೆ ಯಾರ ಪಾಲಿಗೆ? 2018ರಲ್ಲಿ ಅಮೆರಿಕೆಯಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ವಿದ್ವಾಂಸೆಯರು, ಮುಖ ನೋಡಿ ಗಂಡು ಹೆಣ್ಣು ಹೇಳುವ ಯಂತ್ರಗಳನ್ನು ಪರೀಕ್ಷಿಸಿದರು. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದೂ ಇಲ್ಲ. ಕಪ್ಪುಬಣ್ಣದ ಹೆಂಗಸರ ವಿಷಯದಲ್ಲಿ ಒಂದು ಯಂತ್ರದ ತಪ್ಪು 34.7 ಪಾಲು. ಮರುವರ್ಷ ಅಲ್ಲಿಯ ಸರ್ಕಾರದ ಮಾನದಂಡ ಸಂಸ್ಥೆಯೇ ಹತ್ತಾರು ಯಂತ್ರಗಳನ್ನು ನೋಡಿ, ಅನೇಕವು ಆಫ್ರಿಕಾ ಮತ್ತು ಏಷ್ಯಾ ಮೂಲದವರನ್ನು ಇನ್ನೊಬ್ಬರೆಂದು ಭ್ರಮಿಸುವುದು ಬಿಳಿಯರಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚು ಎಂದಿತು. 2020ರ ಜನವರಿಯಲ್ಲಿ ಡೆಟ್ರಾಯಿಟ್ ನಗರದ ಬಳಿ ಕಪ್ಪುವರ್ಣದ ಗೃಹಸ್ಥರೊಬ್ಬರನ್ನು ಹೆಂಡತಿ ಮಕ್ಕಳ ಕಣ್ಣೆದುರಿಗೆ ಮನೆಯಂಗಳದಲ್ಲೇ ಹಿಡಿದು ಸುಮಾರು 30 ಗಂಟೆ ಕಾವಲಿನಲ್ಲಿ ಇಟ್ಟರು. ಕೈಗಡಿಯಾರ ಕದ್ದವನ ಮಸುಕು ಚಿತ್ರಕ್ಕೆ ಯಂತ್ರವು ಅವರ ಮುಖವನ್ನು ತಾಳೆ ಹಾಕಿತ್ತು, ಅಷ್ಟೆ. ಮುಖ ನೋಡಿ ಮಣೆ ಹಾಕುವ ಬುದ್ಧಿ ಮನುಷ್ಯನದು. ಅದನ್ನು ಯಂತ್ರಕ್ಕೆ ಕಲಿಸಿ, ಈಗ ಯಂತ್ರವು ನಿಷ್ಪಕ್ಷಪಾತಿ ಎಂದು ಹೊಗಳುತ್ತಿದ್ದೇವೆ.

ದೂರದ ಡೆಟ್ರಾಯಿಟ್ ಏಕೆ, ನಮ್ಮ ಕಾಲೇಜಿಗೇ ಬನ್ನಿ. ಕಳೆದ ವರ್ಷ ಬಾಗಿಲ ಬಳಿ ಮುಖ ನೋಡಿ ಹಾಜರಿ ಹಾಕುವ ಯಂತ್ರವೊಂದು ಬಂದಿತು. ಇಪ್ಪತ್ತಾರು ವರ್ಷದಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವ ಅಟೆಂಡರೊಬ್ಬರು ನಮ್ಮಲ್ಲಿದ್ದಾರೆ. ಬಿಸಿಲಿಗೆ ಕಂದಿದ ಕಪ್ಪು ಮುಖ, ಹಣೆಯ ಮೇಲೆ ವಿಭೂತಿ, ಹಳೆಯ ದಪ್ಪ ಕನ್ನಡಕ. ಯಂತ್ರ ಅವರನ್ನು ಒಲ್ಲದು. ಕನ್ನಡಕ ತೆಗೆಯುತ್ತಾರೆ, ವಿಭೂತಿ ಒರೆಸುತ್ತಾರೆ, ಬಾಗಿಲಿಂದ ಒಂದು ಹೆಜ್ಜೆ ಹಿಂದಕ್ಕೆ, ಒಂದು ಹೆಜ್ಜೆ ಮುಂದಕ್ಕೆ; ಅವರೇ ಬೀಗ ತೆಗೆದ ಕಟ್ಟಡಕ್ಕೆ ಅವರು ಬಂದಿಲ್ಲವೆಂದು ಯಂತ್ರ ಬರೆದುಕೊಳ್ಳುತ್ತದೆ. ಎರಡು ದಿನದ ಸಂಬಳ ಕಡಿತವಾಗಿ, ಆಫೀಸಿಗೆ ಮೂರು ಅರ್ಜಿ ಬರೆದುಕೊಟ್ಟ ಮೇಲೆ ಸರಿಹೋಯಿತು. ಅರ್ಜಿ ಬರೆದವನು ನಾನೇ. “ನನ್ನ ಮುಖವೇ ಸರಿಯಿಲ್ಲವೇನೋ ಸಾರ್” ಎಂದು ಅವರು ನಕ್ಕರು. ಅವರೇನೋ ನಕ್ಕರು, ನನಗೆ ನಗು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಆದ ತಪ್ಪನ್ನು ಮೂರು ಅರ್ಜಿಯಿಂದ ತಿದ್ದಬಹುದು. ಇದೇ ತಪ್ಪು ರೈಲು ನಿಲ್ದಾಣದಲ್ಲಿ, ಪೋಲೀಸಿನವರ ಎದುರಿಗೆ, ಅರ್ಜಿ ಬರೆದುಕೊಡುವ ಮೇಷ್ಟರಿಲ್ಲದ ಕಡೆ ಆದರೆ?

ಲೆಕ್ಕವನ್ನಾದರೂ ಒಂದಿಷ್ಟು ಹಾಕಿ ನೋಡೋಣ. ಒಂದು ದೊಡ್ಡ ನಿಲ್ದಾಣದಲ್ಲಿ ದಿನಕ್ಕೆ ಒಂದು ಲಕ್ಷ ಜನ ಓಡಾಡುತ್ತಾರೆನ್ನಿ. ಯಂತ್ರ ಬಹಳ ಜಾಣ, ಸಾವಿರಕ್ಕೆ ಒಂದೇ ಸಲ ತಪ್ಪುತ್ತದೆನ್ನಿ. ದಿನಕ್ಕೆ ನೂರು ನಿರಪರಾಧಿಗಳ ಮುಖಕ್ಕೆ ಕಳ್ಳನ ಹೆಸರು ಅಂಟಿತು. ಆ ದಿನ ಆ ನಿಲ್ದಾಣಕ್ಕೆ ನಿಜವಾದ ಕಳ್ಳ ಒಬ್ಬನೋ ಇಬ್ಬರೋ ಬಂದಿರಬಹುದು, ಬಾರದೆಯೂ ಇರಬಹುದು. ತಪ್ಪು ಮಾಡದವನಿಗೆ ಭಯವೇಕೆಂದು ಕೇಳಿದ ನನ್ನ ಮಿತ್ರರಿಗೆ ಇದು ಮೊದಲ ಉತ್ತರ: ತಪ್ಪು ಮಾಡುವುದು ನಾನಲ್ಲ, ಅದು.

ಹೆಂಗಸರ ರಕ್ಷಣೆಯ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ನನಗೂ ಮಗಳಿದ್ದಾಳೆ, ಕೆಲಸ ಮುಗಿಸಿ ರಾತ್ರಿ ಒಂಬತ್ತೂವರೆಗೆ ಬಸ್ಸಿಳಿದು ಅರ್ಧ ಮೈಲಿ ನಡೆದು ಬರುತ್ತಾಳೆ. ಆ ಅರ್ಧ ಮೈಲಿಯಲ್ಲಿ ನಾಲ್ಕು ದೀಪಗಳು ಉರಿಯುವುದಿಲ್ಲ. ದೀಪಕ್ಕಾಗಿ ನಾವು ಅರ್ಜಿ ಕೊಟ್ಟು ಒಂದು ವರ್ಷವಾಯಿತು. ಕ್ಯಾಮರಾ ಅರ್ಜಿ ಇಲ್ಲದೆಯೇ ಬಂದಿತು. ಕತ್ತಲಲ್ಲಿ ಅದು ಯಾರ ಮುಖ ನೋಡುತ್ತದೋ ಭಗವಂತನೇ ಬಲ್ಲ. ಹೆಣ್ಣಿಗೆ ಬೇಕಾದದ್ದು ದೀಪ, ಹೊತ್ತಿಗೆ ಸರಿಯಾಗಿ ಬಸ್ಸು, ಗಸ್ತು ತಿರುಗುವ ಪೇದೆ, ಠಾಣೆಗೆ ಹೋದರೆ ದೂರು ಬರೆದುಕೊಳ್ಳುವ ಬರಹಗಾರ. 2021ರ ಜನವರಿಯಲ್ಲಿ ಲಕ್ನೋದ ಪೋಲೀಸರು, ಸಂಕಟದಲ್ಲಿರುವ ಹೆಂಗಸಿನ ಮುಖಭಾವವನ್ನು ಓದಿ ಠಾಣೆಗೆ ತಿಳಿಸುವ ಕ್ಯಾಮರಾಗಳನ್ನು ಇಡುತ್ತೇವೆಂದು ಸಾರಿದ್ದರು. ಗಂಡನಿಗೇ ಮೂವತ್ತು ವರ್ಷದಲ್ಲಿ ಕೈಗೂಡದ ವಿದ್ಯೆ!

ಇನ್ನು ಕಾನೂನು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬಹುದಾಗಿದ್ದ ವಯಸ್ಸು. 2024ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಮನುಷ್ಯ ಬೀದಿಗೆ ಬಂದ ಮಾತ್ರಕ್ಕೆ ಈ ಹಕ್ಕನ್ನು ಮನೆಯ ಗೂಟಕ್ಕೆ ತೂಗುಹಾಕಿ ಬಂದಂತಲ್ಲ ಎಂಬ ವಿಚಾರ ಆ ತೀರ್ಪಿನಲ್ಲೇ ಇದೆ. ಸರ್ಕಾರ ಅದರೊಳಗೆ ಕೈಹಾಕಬೇಕಾದರೆ ಮೊದಲು ಒಂದು ಕಾಯಿದೆ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಅಳತೆಯಲ್ಲಿರಬೇಕು ಎಂದೂ ಇದೆ. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆ ಬಂದಿತು, 2025ರ ನವೆಂಬರಿನಲ್ಲಿ ನಿಯಮಗಳೂ ಬಂದವು. ಸಂತೋಷಪಟ್ಟು ಓದಿದರೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ಕೇಂದ್ರ ಸರ್ಕಾರವು ತನಗೆ ಬೇಕಾದ ಸರ್ಕಾರಿ ಸಂಸ್ಥೆಯನ್ನು ಇಡೀ ಕಾಯಿದೆಯಿಂದಲೇ ಹೊರಗಿಡಬಹುದು ಎಂಬ ಪ್ರಕರಣ ಅದರೊಳಗೇ ಕುಳಿತಿದೆ. ಬೇಲಿ ಹಾಕಿದ್ದಾರೆ, ಎತ್ತು ಬರುವ ಕಡೆ ಮಾತ್ರ ಬಿಟ್ಟು ಹಾಕಿದ್ದಾರೆ.

ಬೇರೆ ದೇಶದವರು ಈ ವಿಷಯದಲ್ಲಿ ತಲೆ ಕೆಡಿಸಿಕೊಂಡಿಲ್ಲವೆಂದಲ್ಲ. ಯಂತ್ರಗಳ ತವರಿನಂತಿರುವ ಸ್ಯಾನ್ ಫ್ರಾನ್ಸಿಸ್ಕೋ ನಗರವೇ 2019ರಲ್ಲಿ ತನ್ನ ಪೋಲೀಸರಿಗೂ ಇಲಾಖೆಗಳಿಗೂ ಇದು ಕೂಡದೆಂದಿತು. ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ವೇಲ್ಸಿನ ಪೋಲೀಸರ ಕ್ರಮವನ್ನು ಕಾನೂನುಬಾಹಿರವೆಂದಿತು. ಯಾರ ಮುಖ ಪಟ್ಟಿಯಲ್ಲಿರಬೇಕು, ಯಂತ್ರವನ್ನು ಎಲ್ಲಿ ಇಡಬೇಕು ಎಂಬುದೆಲ್ಲ ಪೋಲೀಸಿನವರ ಮನಸ್ಸಿಗೇ ಬಿಟ್ಟಿದೆಯಲ್ಲ ಎಂಬುದು ಅಲ್ಲಿಯ ಮುಖ್ಯ ದೋಷ. (ಆಮೇಲೂ ಅಲ್ಲಿಯ ಪೋಲೀಸರು ನಿಯಮ ತಿದ್ದಿಕೊಂಡು ಮುಂದುವರಿಸಿದರು, ಅದನ್ನು ಮುಚ್ಚಿಡಲಾರೆ.) ಯೂರೋಪಿನ ಒಕ್ಕೂಟದಲ್ಲಿ 2025ರ ಫೆಬ್ರವರಿಯಿಂದ, ಕೆಲವು ಅಪವಾದಗಳನ್ನು ಬಿಟ್ಟರೆ, ಬೀದಿಯಲ್ಲಿ ಹೋಗುವವರನ್ನು ಆ ಕ್ಷಣದಲ್ಲೇ ಪೋಲೀಸರು ಹೀಗೆ ಗುರುತಿಸುವುದಕ್ಕೆ ನಿಷೇಧ ಜಾರಿಯಲ್ಲಿದೆ.

ನಮ್ಮಲ್ಲಿಯೂ ಶಾಸನಸಭೆ ಕುಳಿತು ಚರ್ಚಿಸಲಿ ಎನ್ನುತ್ತೇನೆ, ಅದಕ್ಕಿಂತ ಹೆಚ್ಚೇನೂ ಅಲ್ಲ. ಯಾರ ಮುಖ ಪಟ್ಟಿಗೆ ಹೋಗತಕ್ಕದ್ದು, ಯಾವ ನ್ಯಾಯಾಧೀಶರ ಅಪ್ಪಣೆಯಿಂದ, ಎಷ್ಟು ದಿನ, ತಪ್ಪಾದರೆ ಹೊಣೆ ಯಾರದು ಎಂದು ಕನ್ನಡದಲ್ಲಿ, ಓದಬಲ್ಲವನಿಗೆ ತಿಳಿಯುವಂತೆ ಬರೆಯಲಿ. ಅದಾಗುವವರೆಗೆ ಕಂಬದ ಮೇಲಿನ ಎರಡನೆಯ ಯಂತ್ರವನ್ನು ಆರಿಸಿಡಲಿ. ‘ಐಚ್ಛಿಕ’ ಎಂಬ ಮಾತಿನಿಂದ ನಮ್ಮನ್ನು ಸಮಾಧಾನಪಡಿಸಬಾರದು. 2022ರ ಡಿಸೆಂಬರಿನಲ್ಲಿ ದೆಹಲಿ, ಬೆಂಗಳೂರು, ವಾರಾಣಸಿಯ ವಿಮಾನ ನಿಲ್ದಾಣಗಳಲ್ಲಿ ಶುರುವಾದ ‘ಡಿಜಿ ಯಾತ್ರಾ’ ಐಚ್ಛಿಕವೆಂದೇ ಪ್ರಸಿದ್ಧ. ವಿಚಾರಸಂಕಿರಣಕ್ಕೆಂದು ಒಮ್ಮೆ ವಿಮಾನ ಹತ್ತಬೇಕಾಗಿ ಬಂದಾಗ ಒಂದು ನಿಲ್ದಾಣದ ಬಾಗಿಲಲ್ಲಿ ಸಮವಸ್ತ್ರದ ಹುಡುಗನೊಬ್ಬ “ಇಲ್ಲಿ ನೋಡಿ ಸಾರ್” ಎಂದ, ನೋಡಿದೆ, ಕ್ಷಣದಲ್ಲಿ ನನ್ನ ಚಿತ್ರ ಒಳಗೆ ಹೋಗಿತ್ತು. ಯಾತಕ್ಕಪ್ಪ ಎಂದರೆ, “ಬೇಗ ಆಗುತ್ತೆ ಸಾರ್, ಆ ಕ್ಯೂ ನೋಡಿ” ಎಂದು ಆಂಜನೇಯನ ಬಾಲದಂಥ ಸಾಲೊಂದನ್ನು ತೋರಿಸಿದ. ನನ್ನ ಇಚ್ಛೆಯನ್ನು ಅವನು ಕೇಳಿದ್ದು ಚಿತ್ರ ತೆಗೆದ ಮೇಲೆ.

ನಗದೆ ಕುಳಿತಿದ್ದ ಹುಡುಗಿಯ ವಿಷಯ ಹೇಳುತ್ತೇನೆಂದಿದ್ದೆ. ನಮ್ಮ ಕಾಲೇಜಿನ ಕೆಲವರಿಗೆ ಎರಡು ವರ್ಷದಿಂದ ವಿದ್ಯಾರ್ಥಿವೇತನ ಬಂದಿಲ್ಲ. ಫ್ರೀಡಂ ಪಾರ್ಕಿನಲ್ಲಿ ಒಂದು ದಿನ ಧರಣಿ ಕೂರೋಣವೆಂದು ಆಕೆಯೇ ಹೊರಡಿಸಿದ್ದಳು. ಭಿತ್ತಿಪತ್ರದ ಕನ್ನಡವನ್ನು ತಿದ್ದಿಸಿಕೊಂಡೂ ಹೋಗಿದ್ದಳು. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವವರು 2021ರ ಆದೇಶದಂತೆ ಅಲ್ಲಿಯೇ ಮಾಡಬೇಕಷ್ಟೆ. ಹಿಂದೆ ಅದು ಸೆಂಟ್ರಲ್ ಜೈಲು. 1975ರ ತುರ್ತುಪರಿಸ್ಥಿತಿಯಲ್ಲಿ ರಾಷ್ಟ್ರನಾಯಕರನ್ನು ಕೂಡಿಹಾಕಿದ್ದ ಜಾಗ. ಸುತ್ತಣ ಕೋಣೆಗಳ ಕೈದಿಗಳನ್ನು ನೋಡಲೆಂದು ಕಟ್ಟಿದ್ದ ಕಾವಲು ಗೋಪುರ ಈಗಲೂ ನಡುವೆ ನಿಂತಿದೆ. ಅದರಲ್ಲಿ ಈಗ ಕಾವಲುಗಾರನಿಲ್ಲ, ಬೇಕಾಗಿಯೂ ಇಲ್ಲ.

ಧರಣಿಯ ಹಿಂದಿನ ದಿನ ಆಕೆ ಸ್ಟಾಫ್ ರೂಮಿಗೆ ಬಂದಳು. “ಸಾರ್, ನಾನು ಬರೋದಿಲ್ಲ. ಅಲ್ಲಿ ಮುಖ ಹಿಡಿಯುತ್ತಾರಂತೆ. ನಾನು ಪಿ.ಎಸ್.ಐ. ಪರೀಕ್ಷೆಗೆ ಕಟ್ಟಬೇಕು ಅಂತಿದ್ದೀನಿ” ಎಂದಳು. ಯಾರು ಹೇಳಿದರಮ್ಮ ಎಂದೆ. ಹಿಡಿಯುತ್ತಾರೆಂದು ಆಕೆಗೆ ಅಧಿಕಾರದಲ್ಲಿರುವವರು ಯಾರೂ ಹೇಳಿಲ್ಲ, ಇಲ್ಲವೆಂದೂ ಯಾರೂ ಹೇಳಿಲ್ಲ. ಆಕೆ ಮಾಡಹೊರಟಿದ್ದು ತಪ್ಪಲ್ಲ. ಸಂವಿಧಾನ ಕೊಟ್ಟ ಹಕ್ಕು. ಧೈರ್ಯ ಹೇಳೋಣವೆಂದು ಬಾಯಿ ತೆರೆದೆ. ಆದರೆ ಏನೆಂದು ಹೇಳಲಿ? ಏನೂ ಆಗುವುದಿಲ್ಲವೆಂದು ನಾನು ಯಾವ ಕಾಯಿದೆಯ ಆಧಾರದಿಂದ ಭರವಸೆ ಕೊಡಲಿ? ಆಕೆಯೇ ಬಾಗಿಲ ಬಳಿ ನಿಂತು, “ಹೆಸರು ಬರೆದುಕೊಂಡರೆ ಹೋಗಲಿ ಸಾರ್, ಒಂದೇ ಹೆಸರಿನವರು ನಮ್ಮ ಕ್ಲಾಸಿನಲ್ಲೇ ಮೂರು ಜನ ಇದ್ದೀವಿ. ಮುಖ ಬದಲಾಯಿಸೋಕೆ ಆಗಲ್ಲವಲ್ಲ” ಎಂದು ಹೊರಟುಹೋದಳು.

ಮಾರನೆಯ ದಿನ ಹದಿನೇಳು ಮಂದಿ ಕೂರಬೇಕಾಗಿದ್ದ ಧರಣಿಗೆ ಆರು ಮಂದಿ ಹೋದರು. ಮಧ್ಯಾಹ್ನದ ಪಾಠಕ್ಕೆ ಹಿಂದಿರುಗಿದರು. ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ. ಭಿತ್ತಿಪತ್ರ ನನ್ನ ಮೇಜಿನ ಖಾನೆಯಲ್ಲಿದೆ.